ಒಂಬತ್ತು ದಿನದ ಉಪ್ಪು

ನಮ್ಮ ಊರಿನಲ್ಲಿ ಕಾಯಿಲೆ ಮೊದಲು ಬರುವುದು ಉಪ್ಪಿಗೆ. ಮನುಷ್ಯರಿಗೆ ಆಮೇಲೆ. ಒಂದು ಮನೆಗೆ ರೋಗ ಕಾಲಿಟ್ಟಿತೆಂದರೆ ಮಾರನೆಯ ಬೆಳಗ್ಗೆ ಆ ಮನೆಯ ಭರಣಿಯ ಉಪ್ಪು ಕೆಂಪಗೆ ತಿರುಗಿರುತ್ತದೆ. ಆ ದಿನವನ್ನೂ ಸೇರಿಸಿ ಒಂಬತ್ತನೆಯ ದಿನ ಮನೆಯಲ್ಲಿ ಯಾರೋ ಒಬ್ಬರು ಹಾಸಿಗೆ ಹಿಡಿಯುತ್ತಾರೆ. ಯಾರು ಅಂತ ಮಾತ್ರ ಉಪ್ಪು ಹೇಳುವುದಿಲ್ಲ. ಹೀಗ್ಯಾಕೆ ಅಂತ ನನ್ನನ್ನು ಕೇಳಬೇಡಿ. ನಿಮ್ಮೂರಿನ ಉಪ್ಪು ಯಾಕೆ ಬಾಯಿ ಮುಚ್ಚಿಕೊಂಡಿರುತ್ತದೆ ಅಂತ ನಾನು ಯಾವತ್ತಾದರೂ ಕೇಳಿದ್ದೇನೆಯೇ?

ನನ್ನ ಹೆಸರು ಸಾಕಮ್ಮ. ಈ ಊರಿನ ಉಪ್ಪು ನೋಡುವವಳು ನಾನೇ. ನನಗಿಂತ ಮುಂಚೆ ನನ್ನ ಅತ್ತೆ ನೋಡುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಕೆಲಸ ನನ್ನ ಕೈಗೆ ಬಂತು, ಇಪ್ಪತ್ತಾರು ವರ್ಷವಾಯಿತು. ಊರಿಗೆ ಮೂರೇ ಬೀದಿ. ಸೋಮವಾರ ಮೇಲಿನ ಬೀದಿ, ಮಂಗಳವಾರ ನಡುಬೀದಿ, ಬುಧವಾರ ಕೆರೆ ಬೀದಿ. ಗುರುವಾರ ಮತ್ತೆ ಮೇಲಿನ ಬೀದಿಯಿಂದ ಶುರು. ಭಾನುವಾರ ನನ್ನ ಕಾಲಿಗೆ ರಜ. ಸರದಿ ಬಂದ ದಿನ ಪ್ರತಿ ಮನೆಯ ಹೆಂಗಸೂ ಹೊಸ್ತಿಲ ಮೇಲೆ ಮುತ್ತುಗದ ಎಲೆಯಿಟ್ಟು, ಅದರ ಮೇಲೆ ಭರಣಿಯಿಂದ ಒಂದು ಚಿಟಿಕೆ ಉಪ್ಪು ಇಡುತ್ತಾಳೆ. ನಾನು ಬಗ್ಗಿ ಅದನ್ನೆತ್ತಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ ನೋಡಿ, ಅವಳ ಅಂಗೈಗೇ ವಾಪಸು ಕೊಡಬೇಕು. ಕೈಯಿಂದ ಕೈಗೆ ಉಪ್ಪು ಕೊಟ್ಟರೆ ಜಗಳ ಬರುತ್ತದೆ ಅಂತ ನಮ್ಮಲ್ಲೂ ಹೇಳುತ್ತಾರೆ. ನನ್ನೊಬ್ಬಳ ಕೈಗೆ ಮಾತ್ರ ಅದರಿಂದ ಮಾಫಿ. ನಾನು ಕೈಯಾರೆ ಕೊಟ್ಟ ಉಪ್ಪು ಶುಭ ಅಂತ ಹೆಂಗಸರು ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಹಿಡಿಯುತ್ತಿದ್ದರು. ಉಪ್ಪು ಕೆಂಪಿದ್ದರೆ ಬಾಗಿಲಿಗೆ ಕೆಮ್ಮಣ್ಣಿನ ಗೆರೆ ಎಳೆಯುತ್ತಿದ್ದೆ. ಆ ಮನೆಯವರು ಒಳಗಿರುವರು, ನೆರೆಯವರು ಜಗುಲಿಯ ಮೇಲೆ ಊಟವಿಟ್ಟು ಹೋಗುವರು, ಅಷ್ಟೆ. ಅದರಲ್ಲಿ ನಾಚಿಕೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

ಹೆದರಿಕೆ ಇದ್ದದ್ದು ಬಚ್ಚಿಡುವುದರ ಬಗ್ಗೆ. ಅತ್ತೆಯ ಕಾಲದಲ್ಲಿ ಯಾರೋ ಒಬ್ಬರು ಮಗನ ಮದುವೆ ನಿಂತೀತು ಅಂತ ಕೆಂಪು ಉಪ್ಪನ್ನು ಅಟ್ಟದ ಮೇಲೆ ಅಡಗಿಸಿ, ಪಕ್ಕದ ಮನೆಯಿಂದ ಬಿಳಿ ಉಪ್ಪು ತಂದು ಎಲೆಯ ಮೇಲಿಟ್ಟರಂತೆ. ಮದುವೆಗೆ ಬಂದವರ ಪೈಕಿ ಹದಿನೇಳು ಜನ ತಿಂಗಳೊಳಗೆ ಹೋದರು. ಕೆರೆ ಬೀದಿಯ ಕೊನೆಯಲ್ಲಿ ಏಳು ಮನೆ ಇವತ್ತಿಗೂ ಪಾಳು ಬಿದ್ದಿವೆ. ನಾವು ಅವುಗಳ ಮುಂದೆ ಹೋಗುವಾಗ ಮಾತಾಡುವುದಿಲ್ಲ. ಕೂಸುಗಳು ಕೂಡ ಅಲ್ಲಿ ಅಳುವುದಿಲ್ಲ ಅಂತ ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

ಮೂರು ವರ್ಷದ ಕೆಳಗೆ ಐದು ದೇಶದವರು ಬಂದರು. ಜಗತ್ತಿಗೆಲ್ಲ ಹಬ್ಬುವ ರೋಗ ಮತ್ತೆ ಬಂದರೆ ಮುಂಚೆಯೇ ತಯಾರಿರಬೇಕು ಅಂತ ಐದು ಸರ್ಕಾರ ಸೇರಿ ಒಂದೇ ಗಂಟಿಗೆ ಹಣ ಹಾಕಿದ್ದವಂತೆ. ಒಂದು ದೇಶ ರಕ್ತ ನೋಡುವುದು, ಒಂದು ದೇಶ ಲೆಕ್ಕ ಹಾಕುವುದು, ಒಂದು ದೇಶ ಯಂತ್ರ ಕೊಡುವುದು, ಹೀಗೆ ಹಂಚಿಕೊಂಡಿದ್ದರು. ಎಲ್ಲೆಯಿಂದಾಚೆ, ಮೊರಡಿಯೆಂಬ ಕಲ್ಲುಗುಡ್ಡದ ಪಕ್ಕದಲ್ಲಿ ತಗಡಿನ ಕಟ್ಟಡ ಎದ್ದಿತು. ಪ್ರತಿ ಮನೆಯಿಂದ ನಾನು ಚೂರು ಉಪ್ಪನ್ನು ಗಾಜಿನ ಕೊಳವೆಗೆ ಹಾಕಿ, ಮನೆಯ ನಂಬರು ಬರೆದು ಅಲ್ಲಿಗೆ ಕೊಡಬೇಕು. ಅದು ವಿಮಾನದಲ್ಲಿ ಐದು ದೇಶಕ್ಕೂ ಹೋಗುತ್ತದೆ. "ನಾವು ಬಸ್ಸಿನಲ್ಲಿ ಕೂತಿಲ್ಲ, ನಮ್ಮ ಮನೆ ಉಪ್ಪು ನೋಡಮ್ಮ ವಿಮಾನ ಹತ್ತುತ್ತೆ!" ಅಂತ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಆದರೆ ಒಂದು ತೊಡಕಿತ್ತು. ಊರಿನ ಎಲ್ಲೆ ದಾಟಿದರೆ ಕೆಂಪು ಉಪ್ಪು ಬೆಳ್ಳಗಾಗಿಬಿಡುತ್ತದೆ. ತಗಡಿನ ಕಟ್ಟಡದವರ ಕಣ್ಣಿಗೆ ಅದು ಯಾವತ್ತೂ ಬಿಳಿಯೇ. ಹಾಗಾಗಿ ಅಷ್ಟು ದೊಡ್ಡ ಐದು ದೇಶದ ಕೆಲಸವೆಲ್ಲ ನನ್ನ ಎರಡು ಕಣ್ಣಿನ ಮೇಲೆ ನಿಂತಿತ್ತು. ನನಗೆ ಸ್ವಲ್ಪ ಜಂಬವೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ವಾಂಜಿರು. ಕೀನ್ಯಾದವರು, ನಲವತ್ತರ ಆಸುಪಾಸು, ನಕ್ಕರೆ ಕಟ್ಟಡವೇ ಅಲ್ಲಾಡಬೇಕು. ಪುಸ್ತಕ ಓದಿ ಕನ್ನಡ ಕಲಿತಿದ್ದರಿಂದ ನಮ್ಮ ಜೊತೆ ಪುಸ್ತಕದ ಹಾಗೇ ಮಾತಾಡುತ್ತಿದ್ದರು. ನನ್ನನ್ನು "ಸಾಕಮ್ಮನವರೇ" ಅಂತ ಕರೆದ ಮೊದಲನೆಯ ಮನುಷ್ಯರು ಅವರು.

ಅವರ ಮೇಲೆ ನನಗೆ ದೂರಿಲ್ಲ. ಆದರೆ ಯೋಜನೆಯ ಕಾನೂನು ನಮ್ಮ ಕಾನೂನಿನಂತಿರಲಿಲ್ಲ. ಕೆಂಪು ಉಪ್ಪಿನ ಮನೆಯವರನ್ನು ಬಿಳಿ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಮೊರಡಿಯ ಶೆಡ್ಡಿನಲ್ಲಿ ಇಪ್ಪತ್ತೊಂದು ದಿನ ಇಡುತ್ತಿದ್ದರು. ಐದು ತಿಂಗಳ ಹಿಂದೆ ಒಬ್ಬ ಕುಂಬಾರನ ಸಂಸಾರವನ್ನು ಹಾಗೆ ಒಯ್ದರು. ಅವರೇನೋ ಗುಂಡುಕಲ್ಲಿನ ಹಾಗೆ ವಾಪಸು ಬಂದರು, ಆದರೆ ಅವರ ಮಡಕೆ ಕೊಳ್ಳುವವರು ಇರಲಿಲ್ಲ. ವ್ಯಾನು ನಿಂತಿದ್ದ ಜಾಗವನ್ನು ಜನ ಬಳಸಿಕೊಂಡು ನಡೆಯತೊಡಗಿದರು. ಆಮೇಲೆ ಪುಣ್ಯಕ್ಕೆ ಐದು ತಿಂಗಳು ಯಾರ ಮನೆಯ ಉಪ್ಪೂ ಕೆಂಪಾಗಲಿಲ್ಲ.

ಆಗಲೇ ಊರಿನ ಯಜಮಾನರು ಚಾವಡಿಗೆ ಎಲ್ಲರನ್ನೂ ಕರೆಸಿದರು. ಬರುವ ಸೋಮವಾರದ ಮುಂದಿನ ಸೋಮವಾರ ಐದು ದೇಶದ ದೊಡ್ಡವರು ಬರುತ್ತಾರೆ, ಊರು ನೋಡುತ್ತಾರೆ, ಮೆಚ್ಚಿದರೆ ಇನ್ನೈದು ವರ್ಷಕ್ಕೆ ಸಹಿ ಹಾಕುತ್ತಾರೆ. ಹತ್ತು ಹಾಸಿಗೆಯ ಆಸ್ಪತ್ರೆ, ನರ್ಸುಗಳು, ಹೆರಿಗೆ ಕೋಣೆ, ಎಲ್ಲ ಆ ಸಹಿಯ ಮೇಲಿದೆ. "ಮನೆಗೆ ನೆಂಟರು ಬರೋವಾಗ ಏನ್ ಮಾಡ್ತೀವಿ? ಗುಡಿಸಿ ಸಾರಿಸಿ ಒಪ್ಪವಾಗಿ ಇಡ್ತೀವಾ ಇಲ್ವಾ? ಹಂಗೇ ಇದೂನೂ. ಅವರು ಬಂದು ಹೋಗೋವರ್ಗೂ ಒಂದು ಹೊಸ್ತಿಲ ಮೇಲೂ ಕೆಂಪು ಕಾಣಕೂಡ್ದು. ಊರಿನ ಮಾನ ನಿಮ್ಮ ಕೈಲಿದೆ ಕಣ್ರಪ್ಪ" ಅಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಕೆಂಪಾಗಬಾರದು ಅಂದರೆ ಆಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಲಿದೆಯೇ ಅಂತ ಒಬ್ಬರೂ ಕೇಳಲಿಲ್ಲ ನೋಡಿ.

ಆ ಶನಿವಾರ ನಾನು ಮಗಳು ಇಂದ್ರಾಣಿಯನ್ನು ಹೆರಿಗೆಗೆ ಕರೆತಂದೆ. ಎಂಟು ತಿಂಗಳು ತುಂಬಿತ್ತು. ಅಳಿಯನ ಊರಿನಿಂದ ಹತ್ತಿದ ಬಸ್ಸಿನ ತುಂಬ ಜನ ಕೆಮ್ಮುತ್ತಿದ್ದರು. "ಇಲ್ಲಿ ಎಲ್ರಿಗೂ ಹಿಂಗೇ ಕಣಮ್ಮ, ಏನೋ ಹೊಸಾ ಕೆಮ್ಮಂತೆ" ಅಂದಳು ಅವಳು. ನಾನು ಸೆರಗು ಅವಳ ಮೂಗಿಗೆ ಹಿಡಿದು ಕೂತೆ. ಹಿಂದೆ ಎರಡು ಸಲ ಅವಳಿಗೆ ನಿಂತಿರಲಿಲ್ಲ. ಇದು ಮೂರನೆಯದು. ಈ ಸಲವೂ ಏನಾದರೂ ಆದರೆ ನನ್ನ ಮಗಳು ಎದ್ದು ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಸಾರಿಗೆ ಅಂತ ಭರಣಿಗೆ ಕೈ ಹಾಕಿದೆ. ಮೇಲಿನಿಂದ ತಳದವರೆಗೆ ಉಪ್ಪು ಕೆಂಪಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಕೆಂಪು ನೋಡಿದ್ದೇನೆ, ತೆಳುಗೆಂಪು, ಕಾವಿಗೆಂಪು. ಇಂಥದ್ದನ್ನು ನೋಡಿರಲಿಲ್ಲ. ಒಲೆಯ ಮುಂದೆಯೇ ಕೂತುಬಿಟ್ಟೆ. ಒಳಗಿನಿಂದ ಇಂದ್ರಾಣಿ "ಅಮ್ಮಾ, ಮಗು ಒದೀತಿದೆ, ಬಾ ಕೈಯಿಟ್ಟು ನೋಡು" ಅಂತ ಕೂಗಿದಳು. ನಾನು ಹೋಗಲಿಲ್ಲ. ಮುಚ್ಚಳ ಮುಚ್ಚಿ, ಅದರ ಮೇಲೆ ಒಂದು ಕಲ್ಲು ಹೇರಿದೆ.

ಹೇಳಿದರೆ ವ್ಯಾನು ಬರುತ್ತದೆ. ತುಂಬು ಬಸುರಿಯನ್ನು ಶೆಡ್ಡಿಗೆ ಹಾಕುತ್ತಾರೆ. ಅಲ್ಲಿಗೆ ಸೂಲಗಿತ್ತಿಯನ್ನು ಬಿಡುವುದಿಲ್ಲ. ನರ್ಸುಗಳು ಬರುವುದು ಸಹಿ ಬಿದ್ದ ಮೇಲೆ. ಸಹಿ ಬೀಳಬೇಕಾದರೆ ಊರು ಬೆಳ್ಳಗಿರಬೇಕು. ಹೇಗೆ ಸುತ್ತಿದರೂ ಬಂದು ನಿಲ್ಲುವುದು ಅಲ್ಲಿಗೇ. ಸೋಮವಾರದವರೆಗೆ ಬಾಯಿಗೆ ಬೀಗ ಹಾಕಿಕೊಳ್ಳೋಣ, ದೊಡ್ಡವರು ಸಹಿ ಹಾಕಿದ ಗಳಿಗೆಗೆ ಡಾಕ್ಟರಮ್ಮನ ಕಾಲು ಹಿಡಿಯೋಣ ಅಂದುಕೊಂಡೆ. ಅವತ್ತಿನಿಂದ ಎಣಿಸಿದರೆ ಆ ಸೋಮವಾರವೇ ಒಂಬತ್ತನೆಯ ದಿನ, ಮನೆಯಲ್ಲಿದ್ದವರು ನಾವಿಬ್ಬರೇ.

ನಮ್ಮೂರಿನವರು ಅಂಗಡಿಯ ಉಪ್ಪು ತಿನ್ನುವುದಿಲ್ಲ. ವರ್ಷಕ್ಕೊಂದು ಸಲ ಗಾಡಿಯಲ್ಲಿ ಬರುವ ಕಲ್ಲುಪ್ಪನ್ನೇ ಭರಣಿ ತುಂಬಿಕೊಳ್ಳುತ್ತೇವೆ. ರಂಗಶೆಟ್ಟರ ಅಂಗಡಿಯಲ್ಲಿ ತಗಡಿನ ಕಟ್ಟಡದವರಿಗೆಂದು ಪುಡಿಯುಪ್ಪಿನ ಪ್ಯಾಕೆಟ್ಟು ಇರುತ್ತದೆ. ಅಂಗಡಿಯ ಉಪ್ಪು ಯಾರ ಮನೆಯದೂ ಅಲ್ಲ. ಒಂದು ರಾತ್ರಿ ನಿಮ್ಮ ಸೂರಿನ ಕೆಳಗೆ ಮಲಗಿದ ಮೇಲಷ್ಟೇ ಅದು ನಿಮ್ಮದಾಗುವುದು, ಆಮೇಲೆ ಅದೂ ಕೆಂಪಾಗುತ್ತದೆ. ಸೋಮವಾರ ಶೆಟ್ಟರು ಬಾಗಿಲು ತೆಗೆಯುವಷ್ಟರಲ್ಲಿ ನಾನು ನಿಂತಿದ್ದೆ. "ಇದೇನು ಸಾಕಮ್ಮ, ನಿನಗ್ಯಾಕೆ ಪ್ಯಾಕೆಟ್ಟು?" ಅಂದರು. ಮಗಳ ಕಾಲು ಊದಿದೆ, ಬಿಸಿನೀರಿಗೆ ಹಾಕಬೇಕು ಅಂತ ಬಾಯಿಗೆ ಬಂದದ್ದು ಹೇಳಿದೆ. ಮನೆಗೆ ಬಂದು ನನ್ನ ಹೊಸ್ತಿಲ ಎಲೆಯ ಮೇಲೆ ಆ ಬಿಳಿ ಪುಡಿ ಇಟ್ಟೆ, ನನ್ನ ಕೊಳವೆಗೂ ಅದನ್ನೇ ಹಾಕಿದೆ. ಆಮೇಲೆ ಎಂದಿನ ಹಾಗೆ ಬೀದಿಗಿಳಿದೆ. ಇಳಿಯದಿದ್ದರೆ ಗುಮಾನಿ ಬರುತ್ತದಲ್ಲ! ಮೇಲಿನ ಬೀದಿಯ ಅರವತ್ತು ಮನೆ. ಅರವತ್ತು ಸಲ ಬಗ್ಗಿದೆ, ಅರವತ್ತು ಅಂಗೈಗೆ ಉಪ್ಪು ಕೊಟ್ಟೆ. ಎಲ್ಲ ಬಿಳಿಯ ಕಲ್ಲುಪ್ಪು, ಹಾಲಿನಂಥದ್ದು. "ಮಗಳು ಬಂದಳಂತೆ, ಒಳ್ಳೇದಾಗ್ಲಿ" ಅಂತ ಒಬ್ಬೊಬ್ಬರೂ ಹರಸುವಾಗ ನಾನು ಮುಂದಿನ ಎಲೆಗೆ ಬಗ್ಗುತ್ತಿದ್ದೆ.

ಆ ಸಂಜೆ ಸೂಲಗಿತ್ತಿ ಚೆಲುವಮ್ಮ ಮಗಳನ್ನು ನೋಡಲು ಬಂದಳು. ಅವಳ ಮನೆ ಕೆರೆ ಬೀದಿಯಲ್ಲಿ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಇಂದ್ರಾಣಿಯನ್ನೂ ಹೆರಿಸಿದವಳು, ಬಾಯಿ ಬಹಳ ಜೋರು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು ಎಲೆ ನೋಡಿದಳು. ನನ್ನ ಜೀವ ಬಾಯಿಗೆ ಬಂತು. ಆಮೇಲೆ ದಾಟಿಕೊಂಡು ಒಳಗೆ ಬಂದು, ಮಗಳ ಹೊಟ್ಟೆಯ ಮೇಲೆ ಕಿವಿಯಿಟ್ಟು ಆಲಿಸಿ, "ತಲೆ ಕೆಳಗೈತೆ. ಕುದುರೆ ಹಂಗಿದ್ದೀಯ, ಏನೂ ಭಯ ಇಲ್ಲ" ಅಂದು ಹೋದಳು. ಮಂಗಳವಾರ ನಡುಬೀದಿ ಮುಗಿಸಿದೆ, ಬುಧವಾರ ಕೆರೆ ಬೀದಿ. ಒಂದು ಮನೆಯಲ್ಲೂ ಕೆಂಪಿಲ್ಲ. ಕೆಂಪಿರುವುದು ನನ್ನ ಮನೆಯಲ್ಲೊಂದೇ ಅಂತ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಒಂಟಿಯಾಗಿ ಹೆದರುವ ಕಷ್ಟ. ಚೆಲುವಮ್ಮನ ಎಲೆಯ ಮೇಲೆ ಉಪ್ಪು ಸ್ವಲ್ಪ ನುಣ್ಣಗಿತ್ತು. ಬೆರಳಿಗೆ ಗೊತ್ತಾಯಿತು, ಮನಸ್ಸಿಗೆ ತಂದುಕೊಳ್ಳಲಿಲ್ಲ. ಅವಳೂ ಸುಮ್ಮನೆ ಕೈ ಚಾಚಿದಳು.

ಗುರುವಾರ ಮತ್ತೆ ಮೇಲಿನ ಬೀದಿಯ ಸರದಿ, ನನ್ನ ಮನೆಯದೂ ಅದರಲ್ಲೇ. ಬೆಳಕು ಹರಿಯುತ್ತಲೇ ಶೆಟ್ಟರ ಅಂಗಡಿಗೆ ಹೋದರೆ, ಅಲ್ಲಿ ಸಾಲು ನಿಂತಿದೆ! ಮೂವತ್ತು ನಲವತ್ತು ಹೆಂಗಸರು, ಎಲ್ಲರೂ ಮೇಲಿನ ಬೀದಿಯವರು. ನಲ್ಲಿಯ ಹತ್ತಿರ ಇಬ್ಬರು ಸೇರಿದರೆ ಊರೇ ಏಳುವಂತೆ ಮಾತಾಡುವವರು, ಒಬ್ಬರೂ ತುಟಿ ಬಿಚ್ಚುತ್ತಿಲ್ಲ. ಎಲ್ಲರ ಕಣ್ಣೂ ನೆಲದ ಮೇಲೆ. ಶೆಟ್ಟರು ಪ್ಯಾಕೆಟ್ಟು ಒಡೆದು, ಕಾಗದದ ಪೊಟ್ಟಣ ಕಟ್ಟಿ ಕಟ್ಟಿ ಕೊಡುತ್ತಿದ್ದರು. ನಾನು ಬಂದದ್ದನ್ನು ಕಂಡು ಸಾಲು ಒಂದು ಸಲ ಮುದುಡಿಕೊಂಡಿತು. ಉಪ್ಪು ನೋಡುವವಳಲ್ಲವೇ ನಾನು! ಆಮೇಲೆ ನಾನೂ ಸಾಲಿನ ಕೊನೆಗೆ ಹೋಗಿ ನಿಂತೆ. ಮುಂದಿದ್ದವಳು ತಿರುಗಿ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಬಂದ ಹೆದರಿಕೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೇರೆ ಯಾರಿಗೆ ಏನಾದರೂ ಸಾಕಮ್ಮನೊಬ್ಬಳು ಇದ್ದಾಳೆ ಅಂತ ಅವಳು ನಂಬಿಕೊಂಡಿದ್ದಳು.

ನನ್ನ ಸರದಿ ಬರುವ ಮುಂಚೆ ಉಪ್ಪು ತೀರಿತು. "ಮುಗೀತಮ್ಮಾ, ಮುಗೀತು" ಅಂದರು ಶೆಟ್ಟರು. ನನ್ನ ಮುಂದಿದ್ದವಳು ತನ್ನ ಪೊಟ್ಟಣ ಬಿಚ್ಚಿ, ಅರ್ಧ ಕಾಗದಕ್ಕೆ ಸುರಿದು, ಕಟ್ಟೆಯ ಮೇಲಿಟ್ಟು ನಡೆದಳು. ಎತ್ತಿಕೊಂಡು ಬಂದೆ. ಅವತ್ತು ಮೇಲಿನ ಬೀದಿಯಲ್ಲಿ ಅರವತ್ತು ಎಲೆ, ಅರವತ್ತರ ಮೇಲೂ ಅದೇ ನುಣ್ಣನೆಯ ಪುಡಿ. ನಾನು ಎತ್ತಿದೆ, ಬೆಳಕಿಗೆ ಹಿಡಿದೆ, "ಬಿಳಿ" ಅಂದೆ, ಅಂಗೈಗೆ ಕೊಟ್ಟೆ. ಅವರು "ಹೂಂ" ಅಂದರು. ಶುಕ್ರವಾರ ನಡುಬೀದಿಯಲ್ಲೂ ಅದೇ. ಶನಿವಾರ ಕೆರೆ ಬೀದಿಯಲ್ಲೂ ಅದೇ. ಪಕ್ಕದೂರಿಗೆ ಹೋಗಿ ತಂದಿದ್ದರು. ಆ ಮೂರು ದಿನ ಊರಿನಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು, ಒಬ್ಬರ ಬಾಯಿಂದಲೂ ಒಂದು ಮಾತು ಬರಲಿಲ್ಲ. ಅತ್ತ ಚಾವಡಿಗೆ ಸುಣ್ಣ ಬಳಿಯುತ್ತಿದ್ದರು, ಇತ್ತ ಬಾವುಟ ಕಟ್ಟುತ್ತಿದ್ದರು. ನಾನು ಮಾತ್ರ ಒಂದು ಪಾಪದ ಸಮಾಧಾನ ಪಟ್ಟುಕೊಂಡೆ. ಇದು ಊರಿಗೇ ಬಂದದ್ದು, ನನ್ನ ಮನೆಯೂ ಅದರಲ್ಲೊಂದು, ನಾನೇನು ಹೆಚ್ಚಿನ ತಪ್ಪು ಮಾಡಿದಂತಾಗಲಿಲ್ಲ ಅಂದುಕೊಂಡೆ.

ಶನಿವಾರ ಮಧ್ಯಾಹ್ನ ಕೊಳವೆಗಳನ್ನು ಕೊಡಲು ಹೋದಾಗ ಡಾಕ್ಟರ್ ವಾಂಜಿರು ನಗಲಿಲ್ಲ. ಉದ್ದನೆಯ ಮೇಜಿನ ಮೇಲೆ ವಾರದ ಕೊಳವೆಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರು. "ಕುಳಿತುಕೊಳ್ಳಿ ಸಾಕಮ್ಮನವರೇ" ಅಂದರು. "ನನಗೆ ಬಣ್ಣ ಕಾಣುವುದಿಲ್ಲ. ಆದರೆ ಹರಳು ಕಾಣುತ್ತದೆ. ಗುರುವಾರ ಮತ್ತು ಶುಕ್ರವಾರದ ಉಪ್ಪು ಎಲ್ಲವೂ ಪುಡಿ. ಇಂದಿನದೂ ಪುಡಿ. ನಿಮ್ಮ ಊರಿನವರು ಪುಡಿ ಉಪ್ಪನ್ನು ತಿನ್ನುವುದಿಲ್ಲ. ಏನಾಗುತ್ತಿದೆ?"

ನಾನು ಕುರ್ಚಿಯ ಅಂಚಿಗೆ ಕೂತೆ. ಅವರೇ ಮಾತು ಮುಂದುವರಿಸಿದರು. "ಅತಿಥಿಗಳು ಬರುತ್ತಾರೆಂದು ಊರು ಶುದ್ಧವಾಗಿ ಕಾಣಬೇಕು ಎಂದು ಯಜಮಾನರು ಹೇಳಿದರಂತೆ. ನನಗೆ ಇಂದು ತಿಳಿಯಿತು. ಸಾಕಮ್ಮನವರೇ, ನೀವು ಆರೋಗ್ಯವಾಗಿದ್ದೀರಿ ಎಂದು ಅವರು ಹಣ ಕೊಡುತ್ತಿಲ್ಲ. ಆರೋಗ್ಯ ಕೆಡುವುದಕ್ಕಿಂತ ಒಂಬತ್ತು ದಿನ ಮೊದಲೇ ನೀವು ಹೇಳುತ್ತೀರಿ ಎಂದು ಕೊಡುತ್ತಿದ್ದಾರೆ. ಕೆಂಪು ಉಪ್ಪು ಇಲ್ಲದಿದ್ದರೆ ಅವರಿಗೆ ಇಲ್ಲಿ ಕೆಲಸವೇ ಇಲ್ಲ. ಕೆಂಪು ಕಂಡಿದೆ ಎಂದು ನಾನು ಒಂದು ಪತ್ರ ಬರೆದರೆ ಐದು ದೇಶಗಳೂ ಸಹಿ ಮಾಡುತ್ತವೆ. ನಾಲ್ಕು ದಿನಗಳಲ್ಲಿ ಆಮ್ಲಜನಕ ಬರುತ್ತದೆ, ದಾದಿಯರು ಬರುತ್ತಾರೆ, ಔಷಧಿ ಬರುತ್ತದೆ. ಗರ್ಭಿಣಿಯರಿಗೆ ಬೇರೆ ಕೋಣೆ, ಬೇರೆ ವೈದ್ಯರು. ಎಲ್ಲವೂ ಹೊಸ ಒಪ್ಪಂದದಲ್ಲಿದೆ. ನಾನು ಎರಡು ಸಲ ಚಾವಡಿಯಲ್ಲಿ ಓದಿ ಹೇಳಿದ್ದೆ."

ಓದಿದ್ದರು, ಹೌದು. ಅವರ ಪುಸ್ತಕದ ಕನ್ನಡ ಕೇಳಿ ನಾವೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತ ಕೂತಿದ್ದೆವು. ಅಯ್ಯೋ ಶಿವನೇ, ಭಾನುವಾರವೇ ಓಡಿ ಬಂದು ಹೇಳಿದ್ದರೆ ಗುರುವಾರಕ್ಕೆ ನನ್ನ ಮಗಳ ಪಕ್ಕ ಡಾಕ್ಟರು ನಿಂತಿರುತ್ತಿದ್ದರು. ಯಾವುದಕ್ಕೆ ಹೆದರಿ ಬಚ್ಚಿಟ್ಟೆನೋ ಅದನ್ನು ನಾನೇ ಕೈಯಾರೆ ಕಟ್ಟಿಕೊಂಡಿದ್ದೆ. "ನಮ್ಮನೆ ಉಪ್ಪು ಕೆಂಪಾಗೈತೆ ಡಾಕ್ಟರಮ್ಮ" ಅಂದೆ. ಅಂದದ್ದೇ ಗೋಳೋ ಅಂತ ಅತ್ತುಬಿಟ್ಟೆ. "ಎಲ್ಲರ ಮನೇದೂ ಆಗೈತೆ. ಊರೆಲ್ಲ ಆಗೈತೆ."

ಅವರು ನನ್ನ ಹತ್ತಿರ ಬರಲಿಲ್ಲ. ಮೇಜಿನ ಆಚೆ ಬದಿಗೆ ಸರಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮತ್ತೆ ಕೊಳವೆಗಳನ್ನು ನೋಡತೊಡಗಿದರು. ಸೋಮವಾರದ ಸಾಲಿನಲ್ಲಿ ಎಲ್ಲ ಕಲ್ಲುಪ್ಪು, ಒಂದು ಕೊಳವೆಯಲ್ಲಿ ಮಾತ್ರ ಪುಡಿ. ಮಂಗಳವಾರ ಎಲ್ಲ ಕಲ್ಲುಪ್ಪು. ಬುಧವಾರ ಎಲ್ಲ ಕಲ್ಲುಪ್ಪು, ಮತ್ತೆ ಒಂದು ಮಾತ್ರ ಪುಡಿ. ಗುರುವಾರದಿಂದ ಪೂರ್ತಿ ಪುಡಿ. "ಸೋಮವಾರದ ಈ ಒಂದು ಯಾರ ಮನೆ?" ಅಂದರು. ಕೊಳವೆಯ ಮೇಲೆ ನಂಬರು ಇತ್ತು, ಬರೆದವಳು ನಾನೇ. "ನಂದು" ಅಂದೆ. "ಬುಧವಾರದ ಈ ಒಂದು?" ಅಂದರು. "ಚೆಲುವಮ್ಮಂದು. ಸೂಲಗಿತ್ತಿ. ಸೋಮವಾರ ಸಂಜೆ ನಮ್ಮನೆಗೆ ಬಂದಿದ್ಲು."

ಹೇಳುತ್ತಿದ್ದ ಹಾಗೆಯೇ ನನಗೆ ದಿನಗಳ ಲೆಕ್ಕ ಹೊಳೆಯಿತು. ಡಾಕ್ಟರಮ್ಮ ಇನ್ನೂ ಏನೂ ಕೇಳಿರಲಿಲ್ಲ. ನಾನೇ ಬೆರಳು ಮಡಚಿದೆ. ಸೋಮವಾರ ನಾನು ಮೇಲಿನ ಬೀದಿಗೆ ಹೋದೆ. ಅವರ ಉಪ್ಪು ಮಂಗಳವಾರ ಕೆಂಪಾಗಿರಬೇಕು. ಮಂಗಳವಾರ ನಡುಬೀದಿಗೆ ಹೋದೆ, ಬುಧವಾರ ಕೆರೆ ಬೀದಿಗೆ. ನೂರ ಎಂಬತ್ತು ಮನೆ. ಒಂದೊಂದು ಮನೆಯ ಹೊಸ್ತಿಲಲ್ಲೂ ನಿಂತು, ಎತ್ತಿ, ಉಜ್ಜಿ, ಅಂಗೈಯೊಳಗೆ ಇಟ್ಟು ಬಂದಿದ್ದೆ. ಊರಿಗೆ ಬಂದ ರೋಗದಲ್ಲಿ ನನ್ನ ಮನೆಯೂ ಒಂದಾಗಿರಲಿಲ್ಲ. ಅದು ನನ್ನ ಮನೆಯಿಂದ ಹೊರಟು, ನನ್ನ ಕಾಲಿನಲ್ಲಿ ನಡೆದು, ನನ್ನ ಕೈಯಿಂದ ಊರಿಗೆಲ್ಲ ಹಂಚಿಹೋಗಿತ್ತು. "ಕೈ ತೊಳೀಬೇಕು" ಅಂದೆ. ಹುಚ್ಚಿಯ ಹಾಗೆ ಅದೊಂದನ್ನೇ ಅಂದೆ. ಡಾಕ್ಟರಮ್ಮ ಸಾಬೂನು ದೂಡಿದರು. ಅವರ ಕಣ್ಣಲ್ಲೂ ನೀರಿತ್ತು, ಆದರೆ ಧ್ವನಿ ಗಟ್ಟಿಯಾಗಿತ್ತು. "ಈಗ ಅಳುವುದಕ್ಕೆ ಸಮಯವಿಲ್ಲ. ಮನೆಗೆ ಹೋಗಿ, ಹೊರಗೆ ಬರಬೇಡಿ" ಅಂದರು.

ಆ ಸಂಜೆಯೇ ಅವರು ಎಲ್ಲೆ ದಾಟಿ ಊರೊಳಗೆ ಬಂದು ಡಂಗುರ ಸಾರಿಸಿದರು. ಎಲ್ಲರೂ ಮನೆಯೊಳಗಿರಬೇಕು, ಕಿಟಕಿ ತೆಗೆದಿಡಬೇಕು, ಸೋಮವಾರದ ಸಮಾರಂಭವಿಲ್ಲ. ಆಗ ಒಂದೊಂದೇ ಮನೆಯ ಬಾಗಿಲು ತೆರೆದು, ಭರಣಿಯಲ್ಲಿ, ಸೆರಗಿನಲ್ಲಿ, ಮೊರದಲ್ಲಿ ನಿಜವಾದ ಉಪ್ಪು ಹೊರಗೆ ಬಂತಂತೆ. ಮೇಲಿನ ಬೀದಿಯಿಂದ ಕೆರೆ ಬೀದಿಯವರೆಗೆ ಹೊಸ್ತಿಲುಗಳು ಕೆಂಪಾಗಿದ್ದನ್ನು ನೋಡಿ ಡಾಕ್ಟರಮ್ಮ ಜಗುಲಿ ಹಿಡಿದುಕೊಂಡು ನಿಂತರಂತೆ. ಮೂರು ವರ್ಷದಲ್ಲಿ ಅವರು ಅಷ್ಟು ಕೆಂಪನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಐದು ದೇಶಕ್ಕೂ ಫೋನು ಹೋಯಿತು. ನಾಲ್ಕು ದೇಶ ಆಗಲಿ ಅಂದವು. ಐದನೆಯ ದೇಶದಲ್ಲಿ ಶನಿವಾರ ಭಾನುವಾರ ಕಚೇರಿ ಇಲ್ಲವಂತೆ. ಐದೂ ಸಹಿ ಬೀಳದೆ ಗಂಟು ಬಿಚ್ಚುವ ಹಾಗಿಲ್ಲ. ಏನೇ ಓಡಾಡಿದರೂ ಬುಧವಾರ. ಕಟ್ಟಡದಲ್ಲಿ ಇದ್ದದ್ದು ಎರಡು ಆಮ್ಲಜನಕದ ಸಿಲಿಂಡರು, ಊರಿನಲ್ಲಿ ಎಂಟುನೂರು ಜನ.

ಭಾನುವಾರ ಮಧ್ಯಾಹ್ನ ಇಂದ್ರಾಣಿಗೆ ನೋವು ಶುರುವಾಯಿತು. ದಿನ ಇನ್ನೂ ತುಂಬಿರಲಿಲ್ಲ. ಗೋಡೆಗೆ ತಲೆಯೂರಿ, "ಅಮ್ಮಾ, ಇದೂ ಹೋಗುತ್ತಾ?" ಅಂತ ಕೇಳಿದಳು. ನಾನು ಅವಳಿಂದ ಎರಡು ಮಾರು ದೂರ ನಿಂತು, "ಹೋಗಲ್ಲ ಮಗಳೇ" ಅಂದೆ. ಮುಟ್ಟಲು ಹೆದರಿಕೆ, ಬಿಡಲು ಹೆದರಿಕೆ. ಕಿಟಕಿಯಿಂದ ಕಿಟಕಿಗೆ ಕೂಗಿಸಿ ಡಾಕ್ಟರಮ್ಮನಿಗೆ ಹೇಳಿ ಕಳಿಸಿದೆ. ಅವರು ನಡುಬೀದಿಯಲ್ಲಿ ಮನೆಮನೆಯ ಲೆಕ್ಕ ಬರೆದುಕೊಳ್ಳುತ್ತಿದ್ದರಂತೆ, ಬರುತ್ತೇನೆ ಅಂದರಂತೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಚೆಲುವಮ್ಮ, ಕಂಕುಳಲ್ಲಿ ಹಳೆ ಸೀರೆಯ ಗಂಟು.

"ಬರಬೇಡ!" ಅಂತ ಕೂಗಿದೆ. "ನಿನ್ನ ಮನೆಗೂ ನಾನೇ ಹಚ್ಚಿದ್ದು ಕಣೆ ಚೆಲುವಿ. ನನ್ನ ಮನೆ ಉಪ್ಪು ಆ ಸೋಮವಾರವೇ ಕೆಂಪಿತ್ತು. ನಿನಗೆ ಹೇಳಲಿಲ್ಲ."

"ಗೊತ್ತು" ಅಂದಳು ಅವಳು. "ಹೊಸ್ತಿಲ ಮ್ಯಾಲೆ ಪುಡಿಯುಪ್ಪು ನೋಡ್ದಾಗ್ಲೇ ಗೊತ್ತಾಯ್ತು. ನಾನೇನು ಕುರುಡೀನಾ?"

"ಗೊತ್ತಿದ್ದೂ ಯಾಕೆ ಒಳಗೆ ಬಂದೆ?"

"ಬಸ್ರಿ ಒಳಗಿದ್ಲಲ್ಲ. ಆವತ್ತೇ ಬಾಯಿ ಬಿಟ್ಟಿದ್ರೆ ವ್ಯಾನಿನೋರು ನಿನ್ನ ಮಗಳ್ನ ಒಯ್ತಿದ್ರು, ನನ್ನ ಹತ್ರಕ್ಕೂ ಬಿಡ್ತಿರ್ಲಿಲ್ಲ. ನೀನು ಬಚ್ಚಿಟ್ಟೆ, ನಾನೂ ಬಚ್ಚಿಟ್ಟೆ. ಇಬ್ಬರೂ ಸೇರಿ ಊರು ಹಾಳು ಮಾಡಿದ್ವಿ. ಅದಕ್ಕೆ ಆಮೇಲೆ ಅಳೋಣ, ಈಗ ನೀರು ಕಾಯ್ಸು." ಆಮೇಲೆ ಏನೋ ನೆನಪಾಗಿ ತಡೆದು, ಬೆರಳು ಮಡಚಿ ಎಣಿಸಿದಳು. "ಬೇಡ, ನೀನೇನೂ ಮುಟ್ಟಬೇಡ. ನಿನ್ನ ಒಂಬತ್ತು ನಾಳೆಗೆ. ನಂದು ಮಂಗಳವಾರ ಕೆಂಪಾಗಿದ್ದು, ಬುಧವಾರದವರ್ಗೂ ಟೈಮೈತೆ. ಅಷ್ಟರೊಳಗೆ ಮಗು ಬಂದ್ಬಿಡುತ್ತೆ. ನೀನು ಆಚೆ ಹೋಗಿ ನಿಂತ್ಕೊ."

ನನ್ನ ಮನೆಯಿಂದ ನನ್ನನ್ನೇ ಹೊರಗೆ ಹಾಕಿ ಅಗಳಿ ಹಾಕಿದಳು. ಜಗುಲಿಯ ಮೇಲೆ ನಿಂತೆ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ, ಎಲ್ಲರ ಕಿಟಕಿಯೂ ತೆರೆದಿತ್ತು. ಎದುರು ಮನೆಯವಳು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಗುರುವಾರ ತನ್ನ ಉಪ್ಪಿನಲ್ಲಿ ಅರ್ಧ ಕೊಟ್ಟವಳು ಅವಳೇ. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಒಳಗೆ ಇಂದ್ರಾಣಿ ಕೂಗಿದಾಗಲೆಲ್ಲ ಅವಳೂ ಸರಳು ಹಿಡಿದುಕೊಳ್ಳುತ್ತಿದ್ದಳು. ನನ್ನ ಗಂಟಲಲ್ಲಿ ಏನೋ ಕೆರೆದಂತಾಯಿತು. ಧೂಳಿರಬೇಕು ಅಂದುಕೊಂಡೆ. ಮತ್ತೆ ಕೆರೆಯಿತು.

ಹೊತ್ತು ಮುಳುಗುವಾಗ ಮಗು ಅತ್ತಿತು. ಸಣ್ಣ ಧ್ವನಿ, ಆದರೆ ಬಿಡದೆ ಅತ್ತಿತು. ಎದುರು ಮನೆಯವಳು ಬಾಯಿಗೆ ಕೈಯಿಟ್ಟುಕೊಂಡು ಅತ್ತಳು. ಸ್ವಲ್ಪ ಹೊತ್ತಿಗೆ ಚೆಲುವಮ್ಮ ಕಿಟಕಿಯ ಹತ್ತಿರ ಬಂದಳು. ಅವಳ ಕೈಯಲ್ಲಿ ಹಳೆ ಸೀರೆಯ ಮಡಿಕೆ, ಮಡಿಕೆಯೊಳಗೆ ಒಂದು ಕೆಂಪನೆಯ ಮುಖ. "ಹೆಣ್ಣು ಕಣೆ ಸಾಕಮ್ಮ. ಮೂಗು ನಿನ್ನ ಥರಾನೇ. ಇಂದ್ರಾಣಿ ಚೆನ್ನಾಗವಳೆ. ಬಾ, ನೋಡು ಬಾ. ಸರಳಿನ ಹತ್ರ ಬಾ, ತೋರಿಸ್ತೀನಿ" ಅಂದಳು.

ಇಡೀ ಊರಿನ ಅಂಗೈ ಮುಟ್ಟಿದ ನನ್ನ ಕೈಯನ್ನು ಸೊಂಟದ ಹಿಂದೆ ಕಟ್ಟಿಕೊಂಡೆ. "ಅಲ್ಲೇ ಇರು, ಹತ್ರ ತರಬೇಡ" ಅಂತ ಹೇಳಿ ಜಗುಲಿಯಿಂದ ಕೆಳಗಿಳಿದೆ. ಅವಳು ಕಿಟಕಿಯಲ್ಲೇ ನಿಂತಳು. ನಾನು ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು, ಬೀದಿಯ ನಡುವಿಗೆ ಬಂದು, ಆ ಮುಖ ಕಾಣದಷ್ಟು ದೂರ ಹೋಗಿ ನಿಂತೆ.